ನಾನು ಬೆಳೆದ ಅರ್ಧ ಸೆಂಟಿಮೀಟರ್

ನವೆಂಬರ್ 6, ಮಂಗಳವಾರ

ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಅರ್ಧ ಸೆಂಟಿಮೀಟರ್ ಬೆಳೆದಿದ್ದೇನೆ. ಇದು ನನ್ನ ಜಂಬದ ಮಾತಲ್ಲ, ಸರ್ಕಾರಿ ಮೊಹರು ಬಿದ್ದ ಕಾಗದದ ಮಾತು.

ಎರಡು ವರ್ಷಕ್ಕೊಮ್ಮೆ ವೈದ್ಯ ಮಂಡಳಿಯ ಮುಂದೆ ನಿಂತು, ನಾನಿನ್ನೂ ಕುಳ್ಳಿಯಾಗಿಯೇ ಇದ್ದೇನೆ ಎಂದು ತೋರಿಸಿ ಬರಬೇಕು. ಆಗ ಮುಂದಿನ ಎರಡು ವರ್ಷಕ್ಕೆ ಅಂಗವಿಕಲರ ಪ್ರಮಾಣಪತ್ರ ಕೊಡುತ್ತಾರೆ. ಹೋದ ಸಲ ನೂರ ಹದಿನಾರೂವರೆ ಇದ್ದೆ. ಈ ಸಲ ನೂರ ಹದಿನೇಳು. ಹೇಗೆ ಎನ್ನುವುದು ನನಗೊಬ್ಬಳಿಗೇ ಗೊತ್ತು. ಅಳತೆಗೋಲಿನ ಪಕ್ಕದಲ್ಲಿ ಯಾವಾಗಲೂ ನಿಂತು ಕೆಮ್ಮುತ್ತಿದ್ದ ಮುದುಕಿ ನಿವೃತ್ತಳಾಗಿದ್ದಾಳೆ. ಅವಳ ಜಾಗಕ್ಕೆ ಕನಾತ್ ಎಂಬವನು ಬಂದಿದ್ದಾನೆ. ಮೂವತ್ತೈದರ ಆಸುಪಾಸು, ಕುದುರೆ ಸವಾರನ ಹೆಗಲು, ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. "ನೆಟ್ಟಗೆ ನಿಂತ್ಕೊಳ್ಳಿ ಎಜೆ" ಎಂದ. ನನ್ನನ್ನು ಎಜೆ, ಅಂದರೆ ಅಕ್ಕ ಎಂದದ್ದು ಸ್ವಲ್ಪ ಚುಚ್ಚಿತು. ಆದರೂ ಹಿಮ್ಮಡಿಗಳು ತಾವಾಗಿಯೇ ಮೇಲಕ್ಕೆದ್ದವು. ನಾನು ಏಳಿಸಲಿಲ್ಲ, ಅವು ಎದ್ದವು.

ಮಂಡಳಿಯ ಮುಖ್ಯಸ್ಥೆ ಡಮೀರಾ ಸಾಗಿನೋವ್ನಾ ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು. ಆಮೇಲೆ ಬರೆದರು: ಬೆಳವಣಿಗೆ ಕಂಡುಬಂದಿದೆ, ಆದ್ದರಿಂದ ಸ್ಥಿತಿ ಶಾಶ್ವತವೆಂದು ಹೇಳಲಾಗದು, ಆರು ತಿಂಗಳ ಬಳಿಕ ಮರುಪರೀಕ್ಷೆ, ಅಲ್ಲಿಯವರೆಗೆ ಪ್ರಮಾಣಪತ್ರ ತಡೆಹಿಡಿಯಲಾಗಿದೆ. ನಾನು ಜೋರಾಗಿ ನಕ್ಕೆ. ಜೊತೆಗೆ ಯಾರೂ ನಗಲಿಲ್ಲ. ನಟಿಗೆ ಅದು ಒಳ್ಳೆಯ ಲಕ್ಷಣವಲ್ಲ.

ಮನೆಗೆ ಬಂದು ಕಾಗದ ತೋರಿಸಿದರೆ, ಎಪ್ಪತ್ತಾರು ದಾಟಿದ ನನ್ನ ತಾಯಿ ಅದನ್ನು ಎರಡು ಸಲ ಓದಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಹಾಗಿದ್ರೆ ಮೇಲಿನ ಕಪಾಟಿಂದ ಹಣ್ಣಿನ ಜಾಮ್ ಡಬ್ಬಿ ಇನ್ಮೇಲೆ ನೀನೇ ತೆಕ್ಕೋ" ಎಂದಳು.

ನವೆಂಬರ್ 9, ಶುಕ್ರವಾರ

ನಗುವ ವಿಷಯವಲ್ಲವಂತೆ. ಪ್ರಮಾಣಪತ್ರವಿಲ್ಲದಿದ್ದರೆ ಈ ಚಳಿಗಾಲಕ್ಕೆ ನನ್ನ ಬೂಟು ಇಲ್ಲ. ನನ್ನ ಕಾಲಿಗೆ ಅಂಗಡಿಯ ಬೂಟು ಹಿಡಿಸುವುದಿಲ್ಲ. ಮಕ್ಕಳ ಬೂಟು ಉದ್ದಕ್ಕೆ ಸರಿಹೋದರೂ ಅಗಲಕ್ಕೆ ಸಾಲದು, ಜೊತೆಗೆ ಅದರ ಮೇಲೆ ಮೊಲದ ಚಿತ್ರ ಇರುತ್ತದೆ. ಸರ್ಕಾರದ ಕಾರ್ಯಾಗಾರದವರು ಪ್ರತಿ ವರ್ಷ ಸೊಂಟದ ನೋವಿಗೆ ತಕ್ಕ ಹಾಗೆ ಅಟ್ಟೆ ಏರಿಸಿ ಇಳಿಸಿ ಹೊಲಿದುಕೊಡುತ್ತಿದ್ದರು. ಈ ಸಲ ಕಾಗದ ಕೇಳಿದರು. ನಾನು ಬೆಳೆದಿರುವ ಕಾಗದ ತೋರಿಸಿದೆ. ಅಭಿನಂದನೆ ಹೇಳಿ ಕಳಿಸಿದರು.

ನಾಟಕ ಮಂದಿರದಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ನಿರ್ದೇಶಕ ತಾಷ್ಟಾನ್‌ಬೆಕ್ ಬೈಕೆ ಗಾಬರಿಯಾಗಿದ್ದರು; ಬೈಕೆ ಎಂದರೆ ಅಣ್ಣ, ಹಿರಿಯ ಗಂಡಸರನ್ನೆಲ್ಲ ಹಾಗೇ ಕರೆಯುತ್ತೇವೆ. ಹೊಸವರ್ಷದ ಮಕ್ಕಳ ನಾಟಕದಲ್ಲಿ ಕೆಂಪು ಟೋಪಿ, ಹತ್ತಿಗಡ್ಡದ ಕಾಡಿನ ಕುಳ್ಳ ನಾನೇ, ಇಪ್ಪತ್ತೊಂದು ವರ್ಷದಿಂದ. ಉಳಿದ ತಿಂಗಳುಗಳಲ್ಲಿ ಇಲಿ, ಮುಳ್ಳುಹಂದಿ, ಅಣಬೆ. ಒಂದು ಸಲ ಚಹಾದ ಪಾತ್ರೆ. ಇನ್ನು ಬೆಳೆಯಬೇಡ ಬುರುಲ್, ಉಡುಪು ಬಿಗಿಯಾದರೆ ಹೊಸದು ಹೊಲಿಸಲು ಆಗುವುದಿಲ್ಲ ಎಂದು ಬೈಕೆ ಬೇಡಿಕೊಂಡರು. ಪ್ರಯತ್ನಿಸುತ್ತೇನೆ ಎಂದೆ.

ನವೆಂಬರ್ 21, ಬುಧವಾರ

ಮಂಡಳಿಗೆ ದೂರು ಕೊಡಲು ಹೋಗಿದ್ದೆ. ಹೊರಗಿನ ಪಡಸಾಲೆಯಲ್ಲಿ ಮೂರು ಗಂಟೆ ಕಾದೆ. ಅಲ್ಲಿನ ಬೆಂಚಿನ ಮೇಲೆ ಅಂಥವರೇ ಸಾಲಾಗಿ ಕುಳಿತಿದ್ದರು, ಕೋಲು ಹಿಡಿದವರು, ಗಾಲಿಕುರ್ಚಿಯವರು, ಕಪ್ಪು ಕನ್ನಡಕದವರು. ನಾನು ಸ್ವಲ್ಪ ದೂರದಲ್ಲಿ ನಿಂತುಕೊಂಡೆ. ಅವರ ಪೈಕಿ ಎಂದು ಯಾರಾದರೂ ತಿಳಿದುಬಿಟ್ಟರೆ ಎಂದು.

ಆದರೂ ಒಬ್ಬರು ಮಾತಿಗೆಳೆದರು. ಮುಕಾಶ್ ಬೈಕೆ, ಜೇನು ಸಾಕುವವರು, ಅರವತ್ತರ ಮೇಲಿದ್ದಾರೆ, ಎಡಗಾಲು ತೊಡೆಯಿಂದ ಕೆಳಗಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿ ಹತ್ತೊಂಬತ್ತು ವರ್ಷವಾಯಿತಂತೆ. ಅಂದಿನಿಂದ ಎರಡು ವರ್ಷಕ್ಕೊಮ್ಮೆ ಬಂದು ಕಾಲು ಇಲ್ಲದಿರುವುದನ್ನು ತೋರಿಸಿ ಹೋಗುತ್ತಾರೆ.

"ಚಿಗುರಿದೆಯಾ ಅಂತ ನೋಡ್ತಾರೆ ತಂಗಿ. ಸೇಬಿನ ಗಿಡ ಅನ್ಕೊಂಡಿದಾರೆ."

ನನಗೆ ನಗು ಬಂತು, ತಡೆದುಕೊಂಡೆ. ಅವರು ಜೇಬಿನಿಂದ ಮಡಚಿದ ಕಾಗದ ತೆಗೆದರು. ವಾಸಿಯಾಗದ ಸ್ಥಿತಿಯವರನ್ನು ಪದೇ ಪದೇ ಕರೆಯಬಾರದು ಎಂದು ಮೇಲಿನವರಿಗೆ ಬರೆದ ಮನವಿ. ಹನ್ನೊಂದು ಸಹಿ ಬಿದ್ದಿದ್ದವು. ನಾನು ಕಲಾವಿದೆ, ಇಂಥದ್ದಕ್ಕೆಲ್ಲ ಸಹಿ ಹಾಕುವುದಿಲ್ಲ ಎಂದು ಹೇಳಿದೆ.

"ಹೌದಾ? ಸಹಿ ಹಾಕೋದು ಕಲಾವಿದರ ಕೆಲಸಾನೇ ಅನ್ಕೊಂಡಿದ್ದೆ" ಎಂದರು ಮುಕಾಶ್ ಬೈಕೆ, ಕಾಗದ ಮಡಚಿ ಒಳಗಿಡುತ್ತ.

ದೂರು ತೆಗೆದುಕೊಳ್ಳುವ ಕಿಟಕಿ ನನ್ನ ತಲೆಗಿಂತ ಒಂದು ಮೊಳ ಮೇಲಿತ್ತು. ಕಾಗದ ಮೇಲಕ್ಕೆ ಹಿಡಿದು ನಿಂತೆ. ಒಳಗಿನವಳಿಗೆ ಬರೀ ಕೈ ಕಂಡಿರಬೇಕು. ಕೈಗೆ ರಸೀದಿ ಕೊಟ್ಟಳು.

ಡಿಸೆಂಬರ್ 4, ಮಂಗಳವಾರ

ಹಾಸಿಗೆಯಲ್ಲಿ ಬರೆಯುತ್ತಿದ್ದೇನೆ. ಶನಿವಾರ ಮಾರುಕಟ್ಟೆಯ ಎದುರು ಮಂಜುಗಡ್ಡೆಯ ಮೇಲೆ ಬಿದ್ದೆ. ಹಳೆಯ ಬೂಟಿನ ಅಟ್ಟೆ ಬಿಟ್ಟುಕೊಂಡಿತ್ತು. ಬಿದ್ದದ್ದಕ್ಕಿಂತ ಎತ್ತಿದ್ದು ಕೆಟ್ಟದಾಗಿತ್ತು. ಯಾರೋ ಇಬ್ಬರು ಗಂಡಸರು ಹಿಂದಿನಿಂದ ಬಂದು, ಹಿಟ್ಟಿನ ಚೀಲ ಎತ್ತುವ ಹಾಗೆ ಎತ್ತಿ, ಗೋಡೆಯ ಪಕ್ಕ ನಿಲ್ಲಿಸಿ, ಬೆನ್ನಿನ ಹಿಮ ಕೊಡವಿದರು. ಅಳಬೇಡ ಎಂದು ಒಬ್ಬ ಕೈಗೊಂದು ಮಿಠಾಯಿ ಇಟ್ಟ. ಆಮೇಲೆ ನನ್ನ ಮುಖ ನೋಡಿದ. ಗಾಬರಿಯಲ್ಲಿ ಮಿಠಾಯಿ ವಾಪಸ್ ತೆಗೆದುಕೊಂಡು ಹೋಗಿಬಿಟ್ಟ. ಅದಕ್ಕೆ ಮಾತ್ರ ನನಗೆ ನಿಜವಾಗಿಯೂ ಬೇಜಾರಾಯಿತು. ಕೆನೆ ಮಿಠಾಯಿ ಅದು.

ಅಮ್ಮ ದಿನಕ್ಕೆ ಎರಡು ಸಲ ಕುರಿಬಾಲದ ಕೊಬ್ಬು ಹಚ್ಚಿ ಸೊಂಟ ತಿಕ್ಕುತ್ತಾಳೆ. ಮನೆಯಿಡೀ ಮದುವೆ ಅಡುಗೆಯ ವಾಸನೆ.

ಇವತ್ತು ಮುಕಾಶ್ ಬೈಕೆ ಬಂದಿದ್ದರು. ಯಾರು ಹೇಳಿದರೋ. ಒಂದು ಡಬ್ಬಿ ಜೇನು, ಜೊತೆಗೆ ತಮ್ಮ ಊರುಗೋಲಿಗೆ ಹಾಕುವ ಕಬ್ಬಿಣದ ಮುಳ್ಳುಗಳು. ಹೊಸ ಬೂಟು ಬರುವವರೆಗೆ ಇರಲಿ ಎಂದು ನನ್ನ ಹಳೆಯ ಬೂಟಿನ ತಳಕ್ಕೆ ಕೂತು ಹೊಡೆದುಕೊಟ್ಟರು. ಮನವಿಯ ಮಾತೇ ಎತ್ತಲಿಲ್ಲ. ಅದೇ ನನಗೆ ಕಿರಿಕಿರಿಯಾಯಿತು. ಮಲಗಿ ಮಲಗಿ ಬೇಸರವಾಗಿದೆ, ಓದುವುದಕ್ಕೆ ಏನೂ ಇಲ್ಲ, ಆ ಕಾಗದ ಇದ್ದರೆ ಕೊಡಿ ಎಂದೆ.

ಓದಿದೆ. ಏಳು ಕಾಗುಣಿತದ ತಪ್ಪು. ಒಂದು ವಾಕ್ಯವಂತೂ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಬೀಳುತ್ತದೆ. 'ಮಾನ್ಯರೇ' ಎಂಬ ಮಾತು ಹದಿನಾಲ್ಕು ಸಲ. ಇಂಥ ಬರಹ ನನ್ನ ಊರಿನಿಂದ ಹೋಗಬಾರದು ಎನಿಸಿತು. ಮಧ್ಯಾಹ್ನವೆಲ್ಲ ಕೂತು ಹೊಸದಾಗಿ ಬರೆದೆ. ಬರವಣಿಗೆ ನನ್ನದಾದ ಮೇಲೆ ಕೆಳಗೆ ಹೆಸರು ಇರಬೇಕಲ್ಲ, ಅಷ್ಟಕ್ಕೆ ಸಹಿ ಹಾಕಿದೆ. ಅವರ ಗುಂಪಿಗೆ ಸೇರಿದೆ ಎಂದಲ್ಲ.

ಡಿಸೆಂಬರ್ 12, ಬುಧವಾರ

ತಾಲೀಮು. ಕುಳ್ಳನಿಗೆ ಈ ವರ್ಷವೂ ಹನ್ನೊಂದೇ ಮಾತು, ಎಲ್ಲಕ್ಕೂ ಪ್ರಾಸ. ಸ್ವಲ್ಪ ಏನಾದರೂ ಸೇರಿಸಲೇ ಎಂದು ತಾಷ್ಟಾನ್‌ಬೆಕ್ ಬೈಕೆಯನ್ನು ಕೇಳಿದೆ. ಸೇರಿಸು, ನಿನ್ನ ಹಾಗೆ ಗಿಡ್ಡವಾಗಿದ್ದರೆ ಸಾಕು ಎಂದು ಹೇಳಿ ತಾವೇ ನಕ್ಕರು. ಅನುಮತಿ ಸಿಕ್ಕಿತು ಎಂದು ಲೆಕ್ಕ.

ಡಿಸೆಂಬರ್ 28, ಶುಕ್ರವಾರ



ಇವತ್ತಿನ ಆಟ ಊರಿನ ಅಧಿಕಾರಿಗಳ ಮನೆಮಕ್ಕಳಿಗೆ. ಮಧ್ಯೆ ದೊಡ್ಡ ಮರ, ದೀಪ, ಮುಂದಿನ ಸಾಲಿನಲ್ಲಿ ಅಜ್ಜಿಯರು. ಪರದೆಯ ಸಂದಿಯಿಂದ ಇಣುಕಿದರೆ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಡಮೀರಾ ಸಾಗಿನೋವ್ನಾ, ಪಕ್ಕದಲ್ಲಿ ಆರು ವರ್ಷದ ಮೊಮ್ಮಗ. ನಾನು ಸೇರಿಸಬೇಕೆಂದಿದ್ದದ್ದು ಬೇರೆ ಏನೋ ಸಣ್ಣ ಹಾಡು. ಅವರನ್ನು ನೋಡಿದ ಮೇಲೆ ಹಾಡು ಮರೆತೇಹೋಯಿತು.

ಹಿಮದಜ್ಜ ಉಡುಗೊರೆಯ ಚೀಲ ಹೊತ್ತು ಬರುತ್ತಾನೆ, ಕುಳ್ಳ ಬಾಗಿಲು ತೆರೆಯಬೇಕು. ನಾನು ತೆರೆಯಲಿಲ್ಲ. ದೊಡ್ಡ ಪುಸ್ತಕ ಬಿಡಿಸುವ ಹಾಗೆ ಕೈ ಮಾಡಿ, ಮೂಗಿನ ತುದಿಗೆ ಇಲ್ಲದ ಕನ್ನಡಕ ಏರಿಸಿ, ಕೇಳಿದೆ:

"ಹೆಸರು? ವಯಸ್ಸು? ಗಡ್ಡ ಬೆಳ್ಳಗಿರೋದಕ್ಕೆ ಸರ್ಟಿಫಿಕೇಟ್ ಎಲ್ಲಿ?"

ಹಿಮದಜ್ಜನ ಪಾತ್ರದ ಕುಬಾನ್ ಬಾಯಿ ತೆರೆದು ನಿಂತ. ಪಾಪ, ಅವನ ಮಾತುಗಳೆಲ್ಲ ಪ್ರಾಸದಲ್ಲಿದ್ದವು, ಇದಕ್ಕೆ ಹೊಂದುತ್ತಿರಲಿಲ್ಲ. ಸಾವಿರ ವರ್ಷದಿಂದ ಬೆಳ್ಳಗಿದೆ ಎಂದು ತೊದಲಿದ. ಹೋದ ವರ್ಷ ಬೆಳ್ಳಗಿತ್ತು ಸರಿ, ಈ ವರ್ಷವೂ ಬೆಳ್ಳಗೇ ಇದೆ ಎಂದು ನಂಬುವುದು ಹೇಗೆ ಎಂದೆ. ಸ್ಟೂಲು ಎಳೆದು, ಹತ್ತಿ, ಗಡ್ಡವನ್ನು ಗೇಣಿನಿಂದ ಅಳೆದೆ. ಅರ್ಧ ಗೇಣು ಜಾಸ್ತಿಯಾಗಿದೆ, ಆದ್ದರಿಂದ ನೀನು ಅಜ್ಜ ಹೌದೋ ಅಲ್ಲವೋ ಹೇಳಲಾಗದು, ಆರು ತಿಂಗಳು ಬಿಟ್ಟು ಬಾ ಎಂದೆ.

"ಆರು ತಿಂಗಳಿಗೆ ಬೇಸಿಗೆ ಬರುತ್ತಲ್ಲಮ್ಮ, ನಾನು ಕರಗಿಹೋಗ್ತೀನಿ" ಎಂದ ಕುಬಾನ್. ಆ ಮಾತು ಅವನದೇ. ಇಪ್ಪತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಒಳ್ಳೆಯ ಮಾತು.

"ಕರಗಿದ್ದಕ್ಕೂ ಸರ್ಟಿಫಿಕೇಟ್ ತಗೊಂಡು ಬಾ" ಎಂದೆ.

ಮಕ್ಕಳು ಕುರ್ಚಿಯ ಮೇಲೆ ಎದ್ದು ನಿಂತು ಸರ್ಟಿಫಿಕೇಟ್, ಸರ್ಟಿಫಿಕೇಟ್ ಎಂದು ಕೂಗಿದರು. ಹಿಂದಿನ ಸಾಲುಗಳಲ್ಲಿ ದೊಡ್ಡವರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಡಮೀರಾ ಸಾಗಿನೋವ್ನಾ ನಗಲಿಲ್ಲ, ಎದ್ದು ಹೋಗಲೂ ಇಲ್ಲ. ಮೊಮ್ಮಗ ಅವರ ತೋಳು ಜಗ್ಗಿ ಏನೋ ಕೇಳುತ್ತಲೇ ಇದ್ದ.

ಪರದೆ ಬಿದ್ದ ಮೇಲೆ ತಾಷ್ಟಾನ್‌ಬೆಕ್ ಬೈಕೆ ನನ್ನ ಟೋಪಿ ಕಿತ್ತುಕೊಂಡರು. ನಾಳೆಯಿಂದ ಬರಬೇಡ ಎಂದರು. ಮುಂದಿನ ವರ್ಷ ಯಾವುದಾದರೂ ಶಾಲೆಯ ಮಗುವಿಗೆ ಗಡ್ಡ ಅಂಟಿಸುತ್ತಾರಂತೆ.

ಡಿಸೆಂಬರ್ 29, ಶನಿವಾರ

ಕೆಲಸ ಹೋಯಿತು ಎಂದು ಅಮ್ಮನಿಗೆ ಹೇಳಿದೆ. ಅವಳು ಬೋರ್ಸೋಕ್, ಅಂದರೆ ಹಿಟ್ಟಿನ ಉಂಡೆ ಕರಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ಗಡ್ಡ ಬೋಳಿಸ್ಕೊಂಡ್ಯಾ? ಒಳ್ಳೇದಾಯ್ತು ಬಿಡು. ಹೆಣ್ಣುಮಗಳಿಗೆ ಚೆಂದ ಕಾಣ್ತಿರಲಿಲ್ಲ" ಎಂದಳು. ಆಮೇಲೆ ಬಿಸಿಬಿಸಿಯಾಗಿ ಆರು ಬೋರ್ಸೋಕ್ ನನ್ನ ತಟ್ಟೆಗೆ ಹಾಕಿದಳು. ಅವಳು ಅಳುತ್ತಿದ್ದಳು ಅನಿಸುತ್ತದೆ. ಎಣ್ಣೆಯ ಹೊಗೆಯೂ ಇತ್ತು.

ಜನವರಿ 10, ಗುರುವಾರ

ಡಮೀರಾ ಸಾಗಿನೋವ್ನಾ ಕರೆಸಿದರು. ಪೊಲೀಸರನ್ನು ಕೂರಿಸಿರುತ್ತಾರೆ ಎಂದುಕೊಂಡು ಒಳ್ಳೆಯ ಶಾಲು ಹೊದ್ದು ಹೋದೆ. ಕೋಣೆಯಲ್ಲಿ ಅವರೊಬ್ಬರೇ. ಚಹಾ ಹಾಕಿಕೊಟ್ಟರು. ಎರಡು ವಾರದಿಂದ ಮೊಮ್ಮಗ ಮನೆಯಲ್ಲಿ ಯಾರು ಏನು ಕೇಳಿದರೂ ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾನಂತೆ. ಅಳಿಯನಿಗೂ ಅದೇ, ಬೆಕ್ಕಿಗೂ ಅದೇ.

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಇಲ್ಲೇ, ಈಗಲೇ, ಇನ್ನೊಮ್ಮೆ ಅಳೆಯೋಣ ಎಂದರು. ಹಿಂದಿನ ಅಳತೆಯಲ್ಲಿ ತಪ್ಪಾಗಿದೆ ಎಂದು ತಾವೇ ಬರೆಯುತ್ತಾರೆ, ನಾಳೆ ಪ್ರಮಾಣಪತ್ರ, ಮುಂದಿನ ವಾರ ಬೂಟು. ಬದಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೇ.

ತಪ್ಪು ಅಳತೆಯದಲ್ಲ ಎಂದು ಒಪ್ಪಿಕೊಂಡೆ. ಹಿಮ್ಮಡಿಯ ವಿಷಯ ಹೇಳಿಬಿಟ್ಟೆ. ಯಾಕೆ ಎತ್ತಿದಿರಿ ಎಂದು ಕೇಳಿದರು. ಕನಾತನ ಕಡೆಗೆ ಗದ್ದ ಎತ್ತಿ ತೋರಿಸಿದೆ. ಅವನು ಗಾಜಿನ ಬಾಗಿಲಿನಾಚೆ ಯಾರದೋ ರಕ್ತದೊತ್ತಡ ನೋಡುತ್ತಿದ್ದ. ಡಮೀರಾ ಸಾಗಿನೋವ್ನಾ ಅವನನ್ನೊಮ್ಮೆ ನೋಡಿ, ತಮ್ಮ ಚಹಾ ಬಟ್ಟಲು ನೋಡಿ, ದನಿ ತಗ್ಗಿಸಿದರು.

"ಅವನು ಬಂದಾಗಿಂದ ನಾನೂ ತಲೆಗೆ ಬಣ್ಣ ಹಚ್ಚೋಕೆ ಶುರುಮಾಡಿದೀನಿ. ಯಾರಿಗೂ ಹೇಳ್ಬೇಡಿ."

ಆಮೇಲೆ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದರು. ಅವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟವಾಯಿತು.

ಬೂಟು ಬಿಚ್ಚಿ ಅಳತೆಗೋಲಿನ ಹಲಗೆ ಹತ್ತಿದೆ. ಆಗ ಬಾಗಿಲ ಗಾಜಿನಲ್ಲಿ ಪಡಸಾಲೆಯ ಬೆಂಚು ಕಾಣಿಸಿತು. ನವೆಂಬರಿನಲ್ಲಿ ಸರದಿ ಸಿಗದ ಮುಕಾಶ್ ಬೈಕೆ ಕುಳಿತಿದ್ದರು, ಖಾಲಿ ಪೈಜಾಮದ ಕಾಲನ್ನು ಮೊದಲೇ ಮೇಲಕ್ಕೆ ಮಡಚಿಟ್ಟುಕೊಂಡು, ಒಳಗೆ ಹೋದಾಗ ಮಂಡಳಿಯವರಿಗೆ ತಡವಾಗಬಾರದು ಎಂದು. ಅವರ ಪಕ್ಕದಲ್ಲಿ ಅಕ್-ಸೂ ಕಣಿವೆಯ ಒಬ್ಬ ಮುದುಕಿ, ಅವಳ ಕೈ ಹಿಡಿದ ನಡುವಯಸ್ಸಿನ ಕುರುಡ ಮಗ. ಹುಟ್ಟಿನಿಂದ ಕುರುಡ. ಪ್ರತಿ ಚಳಿಗಾಲ ಅವಳು ಅವನನ್ನು ಕರೆದುಕೊಂಡು ಇಳಿದು ಬರುತ್ತಾಳೆ, ಇನ್ನೂ ಕಾಣುವುದಿಲ್ಲ ಎಂದು ತೋರಿಸಲು.

ಹಲಗೆಯಿಂದ ಇಳಿದೆ. ಯಾಕೆ ಇಳಿದೆನೋ. ಮೊದಲು ಹೊರಗಿರುವವರ ಕಾಲು ಎಣಿಸಿ, ಆಮೇಲೆ ನನ್ನನ್ನು ಅಳೆಯಿರಿ ಎಂದೆ. ನಿಯಮ ನನ್ನದಲ್ಲ ಎಂದರು ಡಮೀರಾ ಸಾಗಿನೋವ್ನಾ. ಫಾರಂ ತೆಗೆದು ತೋರಿಸಿದರು. ಅದರಲ್ಲಿ ಎರಡೇ ಚೌಕ: ಒಂದು ವರ್ಷ, ಎರಡು ವರ್ಷ. ಎಂದೆಂದಿಗೂ ಎನ್ನುವ ಚೌಕವೇ ಇಲ್ಲ. ಫಾರಂ ಮಾಡಿದವರು ಯಾರು ಎಂದು ಕೇಳಿದೆ. ಫೆಬ್ರುವರಿಯಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಅದನ್ನು ಮಾಡಿದ ಇಲಾಖೆಯ ಮೂವರು ಬರುತ್ತಾರೆ, ಜನರ ಅಹವಾಲು ಕೇಳುವುದಿಲ್ಲ, ಮಂಡಳಿ ಬೇಕಾದರೆ ಅವರ ಮುಂದೆ ಒಬ್ಬ ತಜ್ಞರನ್ನು ಮಾತಾಡಿಸಬಹುದು ಎಂದು ಹೇಳಿ ಪೆನ್ನು ತೆರೆದರು.

"ನೀವು ಯಾವುದರಲ್ಲಿ ತಜ್ಞೆ ಅಂತ ಬರೀಲಿ?"

"ಕುಳ್ಳಗಿರೋದ್ರಲ್ಲಿ. ನಲವತ್ತಮೂರು ವರ್ಷದ ಅನುಭವ."

ಅವರು ಬರೆದುಕೊಂಡರು. ನಗದೆ.

ಹೊರಗೆ ಬಂದು ಹೇಳಿದರೆ ಮುಕಾಶ್ ಬೈಕೆ ಬಾಯಿಗೆ ಬಂದ ಹಾಗೆ ಬೈದರು. ಸಿಕ್ಕ ಬೂಟು ಬಿಡುವ ದಡ್ಡಿಯನ್ನು ಎಲ್ಲೂ ನೋಡಿಲ್ಲವಂತೆ. ಸರಿಯಾಗಿಯೇ ಹೇಳಿದರು. ಸೊಂಟ ಈಗಲೂ ನೋಯುತ್ತಿದೆ.

ಫೆಬ್ರುವರಿ 19, ಮಂಗಳವಾರ

ಮೂವರೂ ಬಂದಿದ್ದರು. ನಾನು ಹದಿಮೂರು ತಮಾಷೆ ಸಿದ್ಧಮಾಡಿಕೊಂಡಿದ್ದೆ. ಮಾತಾಡುವ ಮೇಜಿನ ಹಿಂದೆ ನಿಂತರೆ ನಾನು ಯಾರಿಗೂ ಕಾಣಿಸುವುದಿಲ್ಲ ಎಂದು ಮೊದಲೇ ನೋಡಿಟ್ಟಿದ್ದೆ. ಬೇಕೆಂದೇ ಅಲ್ಲಿಂದ ಶುರುಮಾಡಿದೆ. ಬರೀ ಮರ ಮಾತಾಡುತ್ತಿರುವುದನ್ನು ಕೇಳಿ ಅವರು ಎದ್ದು ಬಗ್ಗಿ ನೋಡಿದರು. ಆಗ ಪಕ್ಕದಿಂದ ತಲೆ ಹಾಕಿ, ನಿಮ್ಮ ಕಡೆಯವರು ಹುಡುಕುತ್ತಿರುವ ಬೆಳೆಯುವ ಹೆಂಗಸು ನಾನೇ ಎಂದೆ. ನಕ್ಕರು. ಹಿಮ್ಮಡಿಯ ಕಥೆ ಹೇಳಿದೆ, ಕನಾತನ ಹೆಸರು ಬಿಟ್ಟು. ಮೇಜು ಬಡಿದು ನಕ್ಕರು. ಮುಕಾಶ್ ಬೈಕೆಯ ಚಿಗುರದ ಕಾಲಿನ ಮಾತಿಗೆ, ನಡುವೆ ಕೂತಿದ್ದ ಹಿರಿಯರು ಕಣ್ಣೀರು ಒರೆಸಿಕೊಂಡರು. ಇಷ್ಟು ಚೆನ್ನಾದ ಸಭಿಕರು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಆಮೇಲೆ ಆ ಹಿರಿಯರು ನಗುನಗುತ್ತಲೇ, ಬಹಳ ಸಂತೋಷವಾಯಿತು ತಾಯಿ, ಊರಿಗೆ ನಿಮ್ಮಂಥವರು ಬೇಕು ಎಂದು ಹೇಳಿ, ನನ್ನ ಕಡತ ಮುಚ್ಚಿ ಇನ್ನೊಂದು ತೆಗೆದರು.

 ಇಪ್ಪತ್ತೊಂದು ವರ್ಷ ನಾನು ಹೀಗೇ ಮನೆಗೆ ಬಂದಿದ್ದೇನೆ. ಚಪ್ಪಾಳೆ ತಟ್ಟಿದರು ಎಂದುಕೊಂಡು. ತಟ್ಟಿದ್ದು ನನ್ನನ್ನು ಹೊರಗೆ ಕಳಿಸುವುದಕ್ಕೆ.

ಉಳಿದಿದ್ದ ತಮಾಷೆಗಳನ್ನು ಅಲ್ಲೇ ಬಿಟ್ಟೆ. ಕಡತ ತೆರೆಯಿರಿ, ನಾನಿನ್ನೂ ಮುಗಿಸಿಲ್ಲ ಎಂದೆ. ಮಾರುಕಟ್ಟೆಯ ಮುಂದೆ ಬಿದ್ದದ್ದನ್ನು ಹೇಳಿದೆ, ಮಿಠಾಯಿಯ ಭಾಗ ಬಿಟ್ಟು. ಎದ್ದು ಬಚ್ಚಲಿಗೆ ಹೋಗಲು ಮೂರು ದಿನ ಎಪ್ಪತ್ತಾರರ ಅಮ್ಮನ ಹೆಗಲು ಬೇಕಾದದ್ದನ್ನು ಹೇಳಿದೆ. ಅದನ್ನು ಈ ಪುಸ್ತಕದಲ್ಲೂ ಬರೆದಿರಲಿಲ್ಲ. ನನ್ನ ಜೊತೆ ಬಂದು ಹಿಂದೆ ಕೂತಿದ್ದ ಅಕ್-ಸೂವಿನ ಮುದುಕಿಯನ್ನು ಎಬ್ಬಿಸಿ ನಿಲ್ಲಿಸಿದೆ.

ಅವಳು ಒಂದೇ ಮಾತು ಆಡಿದಳು. "ಮೂವತ್ತೆರಡು ಚಳಿಗಾಲ ಕರ್ಕೊಂಡು ಬಂದಿದೀನಿ. ನಾನು ಸತ್ತ ಮೇಲೆ ಇವನು ಕುರುಡ ಅಂತ ಯಾರು ಹೇಳ್ತಾರೆ?"

ಯಾರೂ ನಗಲಿಲ್ಲ. ಯಾರೂ ಕೆಮ್ಮಲೂ ಇಲ್ಲ. ಅಂಥ ಮೌನ ನನಗೆ ಅಭ್ಯಾಸವಿಲ್ಲ, ನಮ್ಮ ಮಂದಿರದಲ್ಲಿ ಹಾಗಾದರೆ ನಾಟಕ ಬಿದ್ದುಹೋಯಿತು ಎಂದು ಅರ್ಥ. ಮೂವರೂ ಬರೆದುಕೊಳ್ಳುತ್ತಿದ್ದರು. ಡಮೀರಾ ಸಾಗಿನೋವ್ನಾ ಎದ್ದು, ಈ ತಜ್ಞೆಯ ಮಾತನ್ನು ಮಂಡಳಿ ಒಪ್ಪುತ್ತದೆ ಎಂದು ಹೇಳಿ ಕೂತರು. ಅವರ ಕಿವಿ ಕೆಂಪಾಗಿತ್ತು.

ಹೊರಗೆ ಬಂದ ಮೇಲೆ ಎಲ್ಲರೂ ನನ್ನ ಕೈ ಹಿಡಿದುಕೊಂಡರು. ಆಟ ಕೆಟ್ಟಿತು ಎಂದೇ ನನಗೆ ಅನಿಸುತ್ತಿತ್ತು.

ಮಾರ್ಚ್ 14, ಗುರುವಾರ

ಫಾರಂನಲ್ಲಿ ಮೂರನೆಯ ಚೌಕ ಬಂದಿದೆ: ಎಂದೆಂದಿಗೂ. ಸದ್ಯಕ್ಕೆ ನಮ್ಮ ಪ್ರಾಂತಕ್ಕೆ ಮಾತ್ರ, ನೋಡೋಣ ಎಂದು. ಹದಿನಾಲ್ಕು ಸ್ಥಿತಿಗಳ ಪಟ್ಟಿ. ಕುಳ್ಳಿಯರು ಏಳನೆಯದು, ಕಾಲಿಲ್ಲದವರು ಎರಡನೆಯದು. ಮುಕಾಶ್ ಬೈಕೆ ತಮ್ಮದು ಮೇಲಿದೆ ಎಂದು ಬೀಗುತ್ತಿದ್ದಾರೆ. ಕುರುಡು ಪಟ್ಟಿಯಲ್ಲೇ ಇಲ್ಲ, ಮುಂದೆ ಔಷಧ ಬರಬಹುದಂತೆ. ಅದಕ್ಕೆ ಸೋಮವಾರ ಮತ್ತೆ ಮಂಡಳಿಗೆ ಹೋಗಬೇಕು. ಮಂಗಳವಾರ ಗಾಲಿಕುರ್ಚಿಯವರ ಜೊತೆ ಅಂಚೆ ಕಚೇರಿಗೆ, ಅಲ್ಲಿನ ಮೆಟ್ಟಿಲಿನ ವಿಷಯಕ್ಕೆ. ಬುಧವಾರ ಮನವಿ ಬರೆಯುವುದಿದೆ, ಬೇರೆ ಯಾರು ಬರೆದರೂ 'ಮಾನ್ಯರೇ' ಜಾಸ್ತಿಯಾಗುತ್ತದೆ.

ಹೊಸ ಬೂಟು ಬಂತು. ಕಿರ್ ಎನ್ನುತ್ತದೆ. ಎಲ್ಲಿಗೆ ಹೋದರೂ ನಾನು ಬರುವುದು ಮೊದಲೇ ಗೊತ್ತಾಗುತ್ತದೆ, ಅನುಕೂಲವೇ.

ತಾಷ್ಟಾನ್‌ಬೆಕ್ ಬೈಕೆ ಹೇಳಿಕಳಿಸಿದ್ದರು. ಆದದ್ದು ಆಯಿತು, ವಸಂತದ ನಾಟಕದಲ್ಲಿ ಇಲಿ ಖಾಲಿ ಇದೆ ಬಾ ಎಂದು. ಹೋಗಿ ಮಾತಾಡಿದೆ. ಶುಕ್ರವಾರ ಬಿಟ್ಟರೆ ಬಿಡುವಿಲ್ಲ, ಅದೂ ಇಲಿಯಲ್ಲ, ಇಲಿಯ ಅತ್ತೆಯ ಪಾತ್ರ ಇದ್ದರೆ ನೋಡೋಣ ಎಂದೆ. ಇಲಿಗೆ ಅತ್ತೆ ಎಲ್ಲಿಂದ ತರಲಿ ಎಂದು ತಲೆ ಚಚ್ಚಿಕೊಂಡರು. ಬರೆಯುತ್ತಿದ್ದಾರೆ.

ಏಪ್ರಿಲ್ 12, ಶುಕ್ರವಾರ

ತಾಲೀಮಿನ ಕೋಣೆಯ ಹೊರಗೆ ಮೇಲಿನ ಹಳ್ಳಿಯ ಒಬ್ಬ ಕುರಿಗಾಹಿ ಕಾದಿದ್ದ. ಟೊಕ್ಟೊಸುನ್ ಎಂದು ಹೆಸರು. ಬಿಳಿಯ ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಜೊತೆಗೆ ಎಂಟು ವರ್ಷದ ಮಗಳು, ಐಜಾರ್ಕಿನ್. ನೋಡಿದ ಕೂಡಲೇ ಗೊತ್ತಾಯಿತು, ನನ್ನದೇ ಕೈ, ನನ್ನದೇ ಹಣೆ. ಊರಿನ ಶಾಲೆಯಲ್ಲಿ ಮೇಜು ಎತ್ತರ, ಮೆಟ್ಟಿಲು ಎತ್ತರ, ಮನೆಯಲ್ಲೇ ಓದಿಸಿ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದಾರಂತೆ. ಕಾಡಿನ ಕುಳ್ಳನ ಕೆಲಸ ಖಾಲಿಯಾಗಿದೆ ಎಂದು ಯಾರೋ ಹೇಳಿದರು, ಈಗಿನಿಂದಲೇ ಕಲಿಸಿದರೆ ದೊಡ್ಡವಳಾಗುವ ಹೊತ್ತಿಗೆ ಒಂದು ದಾರಿಯಾಗುತ್ತದೆ ಎಂದು ಬಂದಿದ್ದ. ಒಳ್ಳೆಯ ಮನುಷ್ಯ. ಎರಡು ಬಸ್ಸು ಬದಲಿಸಿ ಬಂದಿದ್ದಾನೆ.

ನಾಟಕ ಇಷ್ಟವಾ ಎಂದು ಮಗುವನ್ನು ಕೇಳಿದೆ.

"ಇಲ್ಲ. ಲೆಕ್ಕ ಇಷ್ಟ" ಎಂದಿತು. ನನ್ನ ಮುಖ ನೋಡಿ, ಬೇಜಾರಾಯಿತೇನೋ ಎಂದು, "ನಿಮ್ಮ ಬೂಟು ಚೆನ್ನಾಗಿದೆ" ಎಂದು ಸೇರಿಸಿತು.

ಏಪ್ರಿಲ್ 22, ಸೋಮವಾರ

ಮುಕಾಶ್ ಬೈಕೆಯ ಜೇನಿನ ಗಾಡಿಯಲ್ಲಿ ಬೆಳಿಗ್ಗೆಯೇ ಮೇಲಿನ ಹಳ್ಳಿಯ ಶಾಲೆಗೆ ಹೋದೆವು. ಐಜಾರ್ಕಿನ್ ಪಕ್ಕದಲ್ಲಿ, ಎರಡನೆಯ ತರಗತಿಯ ಮೊದಲ ಬೆಂಚಿನಲ್ಲಿ ನಾನೂ ಕುಳಿತೆ. ನಮ್ಮಿಬ್ಬರ ಕಾಲು ಗಾಳಿಯಲ್ಲಿ, ಗದ್ದ ಮೇಜಿನ ಅಂಚಿನಲ್ಲಿ. ಮುಖ್ಯೋಪಾಧ್ಯಾಯಿನಿ ಹಿಂದಿನಿಂದ ಬಂದು ನನ್ನ ಹೆಗಲು ತಟ್ಟಿದರು.

"ಟೋಪಿ ತೆಗಿ ಮಗೂ. ಹೊಸಬಳಾ? ಯಾವ ಕ್ಲಾಸು?"

"ಎರಡನೇ ಕ್ಲಾಸು ಎಜೆ" ಎಂದು ತಿರುಗಿದೆ. "ಸ್ವಲ್ಪ ಹಿಂದುಳಿದಿದ್ದೀನಿ."

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ನಗು ನಿಲ್ಲುವವರೆಗೆ ಕಾದೆ. ಆಮೇಲೆ ಮುಖ್ಯೋಪಾಧ್ಯಾಯಿನಿಯನ್ನು ಮೂಲೆಯ ಗಿಡ್ಡ ಬೀರುವಿನ ಮೇಲೆ ಕೂರುವಂತೆ ಕೇಳಿಕೊಂಡೆ, ಕಾಲು ಇಳಿಬಿಟ್ಟು, ಹತ್ತು ನಿಮಿಷ, ಒಂದು ಪುಟ ಬರೆಯಲು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಒಳ್ಳೆಯ ಹೆಂಗಸು, ಹತ್ತಿ ಕೂತರು. ನಾಲ್ಕನೆಯ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು, ಆರನೆಯದಕ್ಕೆ ಇಳಿಸಿ ಎಂದರು. ಮೂರನೆಯ ಪಾಠ ಮುಗಿಯುವ ಮೊದಲೇ ಬಡಗಿ ಬಂದು ಮೇಜಿನ ಕಾಲು ಕುಯ್ದ, ಪಾದ ಊರಲು ಹಲಗೆ ಹೊಡೆದ, ಕಪ್ಪು ಹಲಗೆಯ ಕೆಳಗೆ ಅಗಲವಾದ ಮೆಟ್ಟಿಲು ಇಟ್ಟ.

ಲೆಕ್ಕದ ಮೇಷ್ಟ್ರು ಐಜಾರ್ಕಿನ್‌ಳನ್ನು ಹಲಗೆಯ ಹತ್ತಿರ ಕರೆದರು. ನೂರ ನಾಲ್ಕರಲ್ಲಿ ಅರವತ್ತೇಳು ಕಳೆಯಬೇಕಿತ್ತು. ಸಹಾಯವಾಗಲಿ ಎಂದು ನಾನು ಮೆಲ್ಲಗೆ ನಲವತ್ತೇಳು ಎಂದೆ. ಮಗು ಸೀಮೆಸುಣ್ಣ ಕೆಳಗಿಟ್ಟು ಇಳಿದು ಬಂದು ನನ್ನ ಕಿವಿಯ ಹತ್ತಿರ ಬಾಯಿಟ್ಟಿತು.

"ನೀವಿನ್ನು ಹೋಗಿ ಎಜೆ. ನೀವು ಇಲ್ಲಿದ್ರೆ ಎಲ್ಲರೂ ನಿಮ್ಮನ್ನೇ ನೋಡ್ತಾರೆ."

ಇಂಥ ಮಾತು ನನಗೆ ಈವರೆಗೆ ಯಾವ ನಿರ್ದೇಶಕನೂ ಹೇಳಿರಲಿಲ್ಲ. ಶಾಲು ಎತ್ತಿಕೊಂಡು ಹೊರಗೆ ಬಂದು ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕುಳಿತೆ. ಒಳಗೆ ಸೀಮೆಸುಣ್ಣ ಕಟಕಟ ಎಂದಿತು, ಒಂದು ಕ್ಷಣ ನಿಂತಿತು, ಮತ್ತೆ ಕಟಕಟ. ಮೂವತ್ತೇಳು ಎಂದು ಅವಳ ದನಿ. ಸರಿ, ಮುಂದಿನದು ಎಂದರು ಮೇಷ್ಟ್ರು, ಬೇರೆ ಮಕ್ಕಳಿಗೆ ಹೇಳುವ ಹಾಗೆಯೇ, ಸ್ವಲ್ಪ ಬೇಸರದಲ್ಲಿ.

ಮುಕಾಶ್ ಬೈಕೆ ಗಾಡಿಯಲ್ಲಿ ಕೂತು ಹಾರ್ನ್ ಒತ್ತಿದರು. ಇನ್ನೂ ಒಂದು ಲೆಕ್ಕ ಆಗಲಿ ಎಂದು ಕೈ ಮಾಡಿದೆ.